ಪ್ಲೈವುಡ್ ದೋಣಿ

ಪ್ಲೈವುಡ್ ದೋಣಿ ಎಂಬುದು ತೆಳುವಾದ ಪ್ಲೈವುಡ್ ಹಾಳೆಗಳನ್ನು ಅಳತೆಗೆ ಕತ್ತರಿಸಿ, ಬಾಗಿಸಿ, ರಾಳದಿಂದ ಬೆಸೆದು, ಹೊರಮೈಗೆ ಗಾಜಿನ ನಾರಿನ ಹೊದಿಕೆ ಕೊಟ್ಟು ಕಟ್ಟುವ ಸಣ್ಣ ದೋಣಿಯಾಗಿದೆ. ಹಲಗೆಗಳಿಂದ ಕಟ್ಟುವ ಸಾಂಪ್ರದಾಯಿಕ ದೋಣಿಗಿಂತ ಇದು ಹಗುರ. ನುರಿತ ಆಚಾರಿಯ ನೆರವಿಲ್ಲದೆ ಸಾಮಾನ್ಯ ಬಡಗಿಯೂ ಆಸಕ್ತ ಗೃಹಸ್ಥನೂ ಇದನ್ನು ಕಟ್ಟಬಲ್ಲರು. ಇದರ ಆಯುಷ್ಯವು ವಿನ್ಯಾಸಕ್ಕಿಂತ ಹೆಚ್ಚಾಗಿ ಎರಡು ಸಾಮಗ್ರಿಗಳ ಆಯ್ಕೆಯನ್ನು ಅವಲಂಬಿಸಿದೆ: ಪ್ಲೈವುಡ್ಡಿನ ಪದರಗಳನ್ನು ಹಿಡಿದಿರುವ ಅಂಟು ಮತ್ತು ಗಾಜಿನ ಬಟ್ಟೆಯನ್ನು ಮರಕ್ಕೆ ಹಿಡಿಸುವ ರಾಳ. ಈ ಲೇಖನವು ಮೈಸೂರು ಸುತ್ತಿನ ನದಿ, ಕೆರೆ ಮತ್ತು ಜಲಾಶಯಗಳ ಸಿಹಿನೀರನ್ನು ಗಮನದಲ್ಲಿಟ್ಟು ಆ ಆಯ್ಕೆಯನ್ನು ವಿವರಿಸುತ್ತದೆ.

ಹಿನ್ನೆಲೆ

ಕಾವೇರಿ ಮತ್ತು ಕಪಿಲಾ ನದಿಗಳ ಮೈಸೂರು ಸೀಮೆಯಲ್ಲಿ ಪರಂಪರೆಯಿಂದ ಬಂದ ಜಲವಾಹನ ಹರಿಗೋಲು. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹೊರಗೆ ಚರ್ಮ ಹೊದಿಸಿ ಇದನ್ನು ಮಾಡುತ್ತಿದ್ದರು. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯಲ್ಲಿ ಇಂತಹ ದುಂಡು ದೋಣಿಗಳನ್ನು ಕಂಡು ವರ್ಣಿಸಿದ್ದಾನೆ. ಮುಂದೆ ಚರ್ಮದ ಸ್ಥಾನಕ್ಕೆ ಡಾಂಬರು ಬಳಿದ ಬಟ್ಟೆಯೂ ಪ್ಲಾಸ್ಟಿಕ್ ಹಾಳೆಯೂ ಬಂದವು. ಈಗ ಇಡಿಯಾಗಿ ಫೈಬರ್‌ಗ್ಲಾಸಿನಲ್ಲೇ ಅಚ್ಚು ಹಾಕಿದ ಹರಿಗೋಲುಗಳೂ ಬಳಕೆಯಲ್ಲಿವೆ.

1911ರಲ್ಲಿ ಕಾಮಗಾರಿ ಆರಂಭವಾದ ಕೃಷ್ಣರಾಜಸಾಗರ ಮತ್ತು 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟುಗಳ ಹಿನ್ನೀರು ಈ ಸೀಮೆಗೆ ವಿಶಾಲವಾದ ನಿಂತ ನೀರನ್ನು ತಂದಿತು. ಹರಿಗೋಲು ಹೊಳೆ ದಾಟಲು ಹೇಳಿ ಮಾಡಿಸಿದ್ದು. ಗಾಳಿಗೆ ಅಲೆಯೇಳುವ ವಿಸ್ತಾರವಾದ ಹಿನ್ನೀರಿನಲ್ಲಿ ಅದು ನೆಟ್ಟಗೆ ಸಾಗದೆ ತಿರುಗುತ್ತದೆ. ಮೂತಿ ಮತ್ತು ಹಿಂಬದಿಯುಳ್ಳ, ಹುಟ್ಟು ಹಾಕಿ ನಡೆಸುವ ಉದ್ದನೆಯ ದೋಣಿ ಅಲ್ಲಿ ಹೆಚ್ಚು ಅನುಕೂಲಕರ. ಅಂತಹ ದೋಣಿಯನ್ನು ಪೇಟೆಯಲ್ಲಿ ಸಿಗುವ ಸಾಮಗ್ರಿಯಿಂದಲೇ ಕಟ್ಟುವ ಅತ್ಯಂತ ಸರಳ ಮಾರ್ಗ ಪ್ಲೈವುಡ್.

ಜಗತ್ತಿನ ಬೇರೆಡೆ ಈ ಮಾರ್ಗ ಹಳೆಯದು. 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗಾಗಿ ರೂಪಿಸಿದ ಆಪ್ಟಿಮಿಸ್ಟ್ ಎಂಬ ಹಾಯಿದೋಣಿಯ ಉದ್ದ ಸುಮಾರು 2.36 ಮೀಟರ್. 8 ಅಡಿಯ ಪ್ಲೈವುಡ್ ಹಾಳೆಯಲ್ಲಿ ಮುಗಿಯಬೇಕೆಂಬುದೇ ಆ ಅಳತೆಯ ಮರ್ಮ. 1963ರಲ್ಲಿ ಬ್ರಿಟನ್ನಿನಲ್ಲಿ ಬಂದ ಮಿರರ್ ದೋಣಿಯು ಹಾಳೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಹೊಲಿಗೆಯ ಮೇಲೆ ಗಾಜಿನ ಪಟ್ಟಿಯನ್ನು ರಾಳದಲ್ಲಿ ಕೂರಿಸುವ ವಿಧಾನವನ್ನು ಮನೆಮನೆಗೆ ಮುಟ್ಟಿಸಿತು. 1980ರ ದಶಕದಲ್ಲಿ ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂ ಕಡೆಯ ಮೀನುಗಾರರಿಗಾಗಿ ಇದೇ ಬಗೆಯ ಪ್ಲೈವುಡ್ ದೋಣಿಗಳು ತಯಾರಾದವು. ದಪ್ಪ ಮರದ ದಿಮ್ಮಿಗಳು ದುಬಾರಿಯಾಗಿದ್ದೇ ಅದಕ್ಕೆ ಮುಖ್ಯ ಕಾರಣ.

ಸಿಹಿನೀರು ಮತ್ತು ಲಡ್ಡು

ಸಮುದ್ರದಲ್ಲಿ ಮರದ ದೋಣಿಯ ದೊಡ್ಡ ಶತ್ರು ಮರ ಕೊರೆಯುವ ಹಡಗುಹುಳು. ಮೈಸೂರಿನ ಕೆರೆ ಹೊಳೆಗಳಲ್ಲಿ ಅದರ ಕಾಟವಿಲ್ಲ. ಆದುದರಿಂದ ಸಿಹಿನೀರಿನ ದೋಣಿಗೆ ಅಗ್ಗದ ಪ್ಲೈವುಡ್ ಸಾಕೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವ ಇದಕ್ಕೆ ವಿರುದ್ಧ. ಉಪ್ಪು ಮರವನ್ನು ಕೊಳೆಯದಂತೆ ಒಂದಷ್ಟು ಮಟ್ಟಿಗೆ ಕಾಯುತ್ತದೆ. ಸಿಹಿನೀರಿಗೆ ಆ ಗುಣವಿಲ್ಲ. ಮರದ ತೇವಾಂಶ ಶೇಕಡಾ 20ನ್ನು ಮೀರಿ ಹಾಗೆಯೇ ಉಳಿದರೆ ಶಿಲೀಂಧ್ರಗಳು ಬೆಳೆದು ಮರ ಲಡ್ಡಾಗುತ್ತದೆ. ದಡದಲ್ಲಿ ಅಂಗಾತ ಬಿದ್ದಿರುವ ದೋಣಿಯೊಳಗೆ ನಿಂತ ಮಳೆನೀರು, ಹೊಳೆಯ ನೀರಿಗಿಂತ ಹೆಚ್ಚು ಹಾನಿ ಮಾಡುವುದು ಇದೇ ಕಾರಣಕ್ಕೆ.

ಇಲ್ಲಿ ಹರಿಗೋಲಿನೊಂದಿಗೆ ಒಂದು ಹೋಲಿಕೆ ಉಪಯುಕ್ತ. ಹರಿಗೋಲಿನಲ್ಲಿಯೂ ಬಲವನ್ನು ಬಿದಿರು ಕೊಡುತ್ತದೆ, ನೀರನ್ನು ಹೊದಿಕೆ ತಡೆಯುತ್ತದೆ. ಆದರೆ ಅದನ್ನು ಮಗುಚಿ ಬಿಸಿಲಿಗಿಟ್ಟರೆ ಬಿದಿರು ಒಣಗುತ್ತದೆ. ಹೊದಿಕೆ ಹರಿದರೆ ಕಿತ್ತು ಬೇರೆ ಹಾಕಬಹುದು. ಪ್ಲೈವುಡ್ಡಿನ ಮೇಲೆ ರಾಳದಿಂದ ಅಂಟಿಸಿದ ಗಾಜಿನ ಹೊದಿಕೆ ಹಾಗಲ್ಲ. ಒಂದು ಮೊಳೆಯ ತೂತಿನಿಂದಲೋ ಸವೆದ ಅಂಚಿನಿಂದಲೋ ನೀರು ಒಳಸೇರಿದರೆ ಅದು ಹೊರಬರುವ ದಾರಿಯೇ ಇರುವುದಿಲ್ಲ. ಮೇಲ್ಮೈ ಹೊಳೆಯುತ್ತಿರುವಾಗಲೇ ಒಳಗಿನ ಪದರಗಳು ಹಿಟ್ಟಾಗಿರುತ್ತವೆ. ಕಳಪೆ ಪ್ಲೈವುಡ್ಡಿನ ಕೊರತೆಯನ್ನು ಫೈಬರ್ ಮುಚ್ಚಿಬಿಡುತ್ತದೆ ಎಂಬ ನಂಬಿಕೆಯಿಂದಲೇ ಹೆಚ್ಚಿನ ದೋಣಿಗಳು ಅಲ್ಪಾಯುಗಳಾಗುತ್ತವೆ. ಹೊದಿಕೆಯು ಕೊರತೆಯನ್ನು ಕಣ್ಣಿನಿಂದ ಮಾತ್ರ ಮುಚ್ಚುತ್ತದೆ.

ಪ್ಲೈವುಡ್ಡಿನ ದರ್ಜೆಗಳು

ಭಾರತೀಯ ಮಾನಕ ಬ್ಯೂರೊದ ಮಾನದಂಡಗಳಲ್ಲಿ ಸಾಮಾನ್ಯ ಬಳಕೆಯ ಪ್ಲೈವುಡ್ಡಿಗೆ ಐಎಸ್ 303, ಸಾಗರ ದರ್ಜೆಯ ಪ್ಲೈವುಡ್ಡಿಗೆ ಐಎಸ್ 710 ಅನ್ವಯಿಸುತ್ತವೆ. ಅಂಗಡಿಗಳಲ್ಲಿ ಎರಡನೆಯದನ್ನು ‘ಮರೀನ್ ಪ್ಲೈ’ ಅಥವಾ ಬರೀ ‘ಸೆವೆನ್ ಟೆನ್’ ಎಂದು ಕರೆಯುವುದುಂಟು.

ಐಎಸ್ 303ರಲ್ಲಿ ಎಂಆರ್ ಮತ್ತು ಬಿಡಬ್ಲ್ಯುಆರ್ ಎಂಬ ಎರಡು ದರ್ಜೆಗಳು ಬಳಕೆಯಲ್ಲಿವೆ. ಎಂಆರ್ ಹಾಳೆಗೆ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಬಳಸುತ್ತಾರೆ. ಇದು ಗಾಳಿಯ ತೇವವನ್ನು ತಾಳುತ್ತದೆಯೇ ಹೊರತು ನೀರನ್ನಲ್ಲ. ದೋಣಿಗೆ ಇದು ಸರ್ವಥಾ ಸಲ್ಲದು. ಬಿಡಬ್ಲ್ಯುಆರ್ ಎಂದರೆ ಕುದಿನೀರನ್ನು ಒಂದು ಮಿತಿಯವರೆಗೆ ತಾಳುವ ದರ್ಜೆ. ಐಎಸ್ 710ರ ಹಾಳೆಯಲ್ಲಿ ಫೀನಾಲ್ ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ. ಅದರ ಮಾದರಿ 72 ಗಂಟೆ ಕುದಿದರೂ ಪದರ ಬಿಡಬಾರದು. ಇದಲ್ಲದೆ, ಮರದ ಪದರಗಳಿಗೆ ಕೊಳೆ ಮತ್ತು ಹುಳು ತಡೆಯುವ ರಕ್ಷಕ ಉಪಚಾರವನ್ನೂ ಈ ಮಾನದಂಡ ವಿಧಿಸುತ್ತದೆ. ಮೈಸೂರಿನಂತಹ ಸಿಹಿನೀರಿನ ಊರಿಗೆ ಈ ಎರಡನೆಯ ಷರತ್ತು ಮೊದಲನೆಯದರಷ್ಟೇ ಮುಖ್ಯ. ಅಂಟು ಬಿಡದಿದ್ದರೂ ಮರ ಲಡ್ಡಾಗಬಹುದಷ್ಟೆ.

‘ವಾಟರ್‌ಪ್ರೂಫ್’ ಎಂಬುದು ದರ್ಜೆಯ ಹೆಸರಲ್ಲ, ಮಾರಾಟದ ಮಾತು. ಹಾಳೆಯ ಮೇಲೆ ಐಎಸ್‌ಐ ಗುರುತು, ಮಾನದಂಡದ ಸಂಖ್ಯೆ ಮತ್ತು ‘ಸಿಎಂ/ಎಲ್’ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಅಚ್ಚಾಗಿರಬೇಕು. ಆ ಸಂಖ್ಯೆಯನ್ನು ಬ್ಯೂರೊದ ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಅಂಗಡಿಯಲ್ಲೇ ನಿಂತು ಪರಿಶೀಲಿಸಬಹುದು.

ವಿದೇಶಿ ನಕ್ಷೆಗಳು ಬ್ರಿಟಿಷ್ ಮಾನದಂಡ ಬಿಎಸ್ 1088ರ ಒಕುಮೆ ಪ್ಲೈವುಡ್ಡನ್ನು ಹೇಳುವುದು ವಾಡಿಕೆ. ಒಕುಮೆ ಆಫ್ರಿಕದ ಹಗುರವಾದ ಮರ. ನಮ್ಮಲ್ಲಿನ ಸಾಗರ ದರ್ಜೆಯ ಹಾಳೆಗಳಿಗೆ ಗರ್ಜನ್‌ನಂತಹ ಭಾರವಾದ ಮರದ ಪದರಗಳ ಬಳಕೆ ಹೆಚ್ಚು. ಬಲದಲ್ಲಿ ಕೊರತೆಯಿಲ್ಲ, ತೂಕ ಮಾತ್ರ ನಕ್ಷೆ ಹೇಳಿದ್ದಕ್ಕಿಂತ ಏರುತ್ತದೆ. ಈ ವ್ಯತ್ಯಾಸವನ್ನು ಗಮನಿಸದೆ ಕಟ್ಟಿದ ದೋಣಿ ನೀರಿನಲ್ಲಿ ಉದ್ದೇಶಿಸಿದ್ದಕ್ಕಿಂತ ಆಳಕ್ಕೆ ಕೂರುತ್ತದೆ.

ಪ್ಲೈವುಡ್ಡಿನ ಸಂಶೋಧನೆಗೆ ಮೀಸಲಾದ ಭಾರತೀಯ ಪ್ಲೈವುಡ್ ಕೈಗಾರಿಕೆಗಳ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯು 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು.

ಹಾಳೆಯನ್ನು ಪರೀಕ್ಷಿಸುವುದು

ಗುರುತು ಸರಿಯಿದ್ದರೂ ಹಾಳೆಯ ಅಂಚನ್ನು ನೋಡದೆ ಕೊಳ್ಳಬಾರದು. ನಾಲ್ಕೂ ಅಂಚುಗಳಲ್ಲಿ ಪದರಗಳು ಸಮನಾಗಿ, ಸಂದಿಲ್ಲದೆ ಕಾಣಬೇಕು. ಒಳಪದರದ ತುಂಡುಗಳ ನಡುವೆ ಟೊಳ್ಳಿದ್ದರೆ ಅದು ಹಾಳೆಯೊಳಗಿನ ಕಾಲುವೆಯಂತೆ ವರ್ತಿಸಿ, ಒಂದೆಡೆ ಸೇರಿದ ನೀರನ್ನು ಮತ್ತೊಂದೆಡೆಗೆ ಒಯ್ಯುತ್ತದೆ. ಹಾಳೆಯನ್ನು ಬಾಗಿಸಿದಾಗ ಅದು ಮುರಿಯುವುದೂ ಸಾಮಾನ್ಯವಾಗಿ ಆ ಟೊಳ್ಳಿನ ಬಳಿಯಲ್ಲೇ. ಬೆರಳ ಗೆಣ್ಣಿನಿಂದ ಹಾಳೆಯನ್ನು ಉದ್ದಕ್ಕೂ ತಟ್ಟುತ್ತಾ ಹೋದರೆ ಟೊಳ್ಳಿರುವಲ್ಲಿ ದನಿ ಬದಲಾಗುತ್ತದೆ. ಗಡಿಗೆ ಕೊಳ್ಳುವವರು ತಟ್ಟಿ ನೋಡುವ ಕ್ರಮವೇ ಇದು.

ಫೀನಾಲ್ ಅಂಟಿನ ಗೆರೆ ಕಡುಗಂದು, ಯೂರಿಯಾ ಅಂಟಿನದು ಮಾಸಲು. ಆದರೆ ಅಂಟಿಗೆ ಬಣ್ಣ ಬೆರೆಸಲು ಸಾಧ್ಯವಿರುವುದರಿಂದ ಬಣ್ಣವೊಂದೇ ಪುರಾವೆಯಾಗದು. ಹೆಚ್ಚು ಹಾಳೆಗಳನ್ನು ಕೊಳ್ಳುವ ಮೊದಲು ಅಂಗೈಯಗಲದ ತುಂಡೊಂದನ್ನು ತಂದು ಕುದಿಸಿ, ಒಣಗಿಸಿ, ಮತ್ತೆ ಕುದಿಸಿ ನೋಡುವುದು ಉತ್ತಮ. ಮೂರು ದಿನ ಒಲೆ ಉರಿಸಲಾಗದವರು ದಿನಕ್ಕೆ ಕೆಲವು ಗಂಟೆಯಂತೆ ಹಲವು ಸಲ ಕುದಿಸಿ ಒಣಗಿಸಬಹುದು. ಇದು ಮಾನದಂಡದ ಪರೀಕ್ಷೆಗೆ ಸಮನಲ್ಲವಾದರೂ ಕಳಪೆ ಅಂಟು ಇಷ್ಟರಲ್ಲೇ ಬಾಯಿಬಿಡುತ್ತದೆ. ಬಳಿಕ ತುಂಡನ್ನು ಉಳಿಯಿಂದ ಸೀಳಬೇಕು. ಸೀಳು ಅಂಟಿನ ಗೆರೆಯಲ್ಲಿ ನುಣ್ಣಗೆ ಬಿಟ್ಟರೆ ಹಾಳೆ ಅಯೋಗ್ಯ. ಮರದ ನಾರು ಕಿತ್ತುಕೊಂಡು ಬಂದರೆ ಯೋಗ್ಯ.

ದಪ್ಪ ಮತ್ತು ತೂಕ

ಹುಟ್ಟು ಹಾಕುವ 3ರಿಂದ 4 ಮೀಟರ್ ಉದ್ದದ ದೋಣಿಯ ಪಕ್ಕ ಮತ್ತು ತಳಕ್ಕೆ 6 ಮಿ.ಮೀ. ಹಾಳೆ ಸಾಮಾನ್ಯವಾಗಿ ಸಾಕು. ಕಲ್ಲಿನ ದಡಕ್ಕೆ ಎಳೆಯಬೇಕಾದ ದೋಣಿಯ ತಳಕ್ಕೆ 9 ಮಿ.ಮೀ., ಸಣ್ಣ ಎಂಜಿನ್ ಕೂರಿಸುವ ಹಿಂಬದಿಯ ಹಲಗೆಗೆ 18 ಮಿ.ಮೀ. ಅಥವಾ ಹೆಚ್ಚು ಬೇಕಾಗಬಹುದು. 6 ಮಿ.ಮೀ. ಹಾಳೆಯಲ್ಲಿ ಮೂರು ಪದರಗಳಿಗಿಂತ ಐದು ಪದರಗಳಿರುವುದನ್ನು ಆರಿಸುವುದು ಒಳ್ಳೆಯದು. ಎರಡೂ ದಿಕ್ಕಿನಲ್ಲಿ ಅದರ ಬಲ ಹೆಚ್ಚು ಸಮನಾಗಿರುತ್ತದೆ. ಅಡುಗೆಮನೆಯ ಕಪಾಟುಗಳಿಗೆ ಸಾಗರ ದರ್ಜೆಯ ದಪ್ಪ ಹಾಳೆಗಳೇ ಹೆಚ್ಚು ಖರ್ಚಾಗುವುದರಿಂದ ತೆಳು ಹಾಳೆಯನ್ನು ಮುಂಚಿತವಾಗಿ ಹೇಳಿ ತರಿಸಬೇಕಾಗಬಹುದು. ಅಂತಹ ಸಂದರ್ಭದಲ್ಲಿ ‘ಇರುವುದರಲ್ಲೇ’ ತೃಪ್ತಿಪಟ್ಟು ಬೇರೆ ದರ್ಜೆಯ 6 ಮಿ.ಮೀ. ಹಾಳೆ ಕೊಳ್ಳುವುದಕ್ಕಿಂತ ಕಾಯುವುದು ಲೇಸು.

8 ಅಡಿ ಉದ್ದ, 4 ಅಡಿ ಅಗಲದ ಹಾಳೆಯ ವಿಸ್ತಾರ ಸುಮಾರು 2.98 ಚದರ ಮೀಟರ್. ಘನ ಮೀಟರಿಗೆ 700 ಕೆ.ಜಿ. ತೂಗುವ 6 ಮಿ.ಮೀ. ಹಾಳೆ ಸುಮಾರು 12.5 ಕೆ.ಜಿ. ಬರುತ್ತದೆ, 480 ಕೆ.ಜಿ. ತೂಗುವ ಒಕುಮೆಯಾದರೆ 8.6 ಕೆ.ಜಿ. ಮೂರು ಹಾಳೆಗಳ ದೋಣಿಯಲ್ಲಿ ಈ ಅಂತರ ಸುಮಾರು 12 ಕೆ.ಜಿ.ಯಷ್ಟಾಗುತ್ತದೆ. ಇಬ್ಬರು ಎತ್ತಿ ವಾಹನದ ಮೇಲಿಡಬೇಕಾದ ದೋಣಿಗೆ ಇದು ಸಣ್ಣ ಮಾತಲ್ಲ.

ಹಾಳೆಗಿಂತ ಉದ್ದನೆಯ ದೋಣಿಗೆ ಎರಡು ಹಾಳೆಗಳನ್ನು ಓರೆಯಾಗಿ ಹೆರೆದು ಒಂದರ ಮೇಲೊಂದು ಅಂಟಿಸುತ್ತಾರೆ. ಓರೆಯ ಉದ್ದ ದಪ್ಪದ ಎಂಟರಷ್ಟಿರಬೇಕು; 6 ಮಿ.ಮೀ. ಹಾಳೆಗೆ 48 ಮಿ.ಮೀ. ಮೇಲಂಚಿನ ಪಟ್ಟಿ ಮತ್ತು ಅಡ್ಡಪಟ್ಟಿಗಳಿಗೆ ತೇಗ ಸೂಕ್ತ. ಕರಾವಳಿಯಲ್ಲಿ ದೋಣಿಗೆ ಬಳಸುವ ಹೆಬ್ಬಲಸೂ ಬಾಳಿಕೆಯ ಮರವೇ. ಕೊಡಗಿನ ತೋಟಗಳಿಂದ ಹೇರಳವಾಗಿ ಬರುವ ಸಿಲ್ವರ್ ಓಕ್ ಅಗ್ಗವಾದರೂ ತೇವದಲ್ಲಿ ಬಾಳುವುದಿಲ್ಲ.

ಫೈಬರ್‌ಗ್ಲಾಸ್ ಹೊದಿಕೆ

ಫೈಬರ್‌ಗ್ಲಾಸ್ ಎಂಬ ಮಾತು ಗಾಜಿನ ನಾರನ್ನೂ ಅದನ್ನು ಗಟ್ಟಿಗೊಳಿಸುವ ರಾಳವನ್ನೂ ಒಟ್ಟಾಗಿ ಸೂಚಿಸುತ್ತದೆ. ನಾರು ಸವೆತ ಮತ್ತು ಪೆಟ್ಟನ್ನು ತಾಳುತ್ತದೆ; ನೀರನ್ನು ತಡೆಯುವುದು ರಾಳ. ಆದ್ದರಿಂದ ಆಯ್ಕೆಯಲ್ಲಿ ರಾಳಕ್ಕೇ ಮೊದಲ ಸ್ಥಾನ.

ನೀರಿನ ತೊಟ್ಟಿ, ವಾಹನದ ಬಿಡಿಭಾಗ, ವಿಗ್ರಹ ಮುಂತಾದವನ್ನು ಮಾಡುವ ಫೈಬರ್ ಕೆಲಸಗಾರರು ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರಾಳ. ಅಚ್ಚಿನಲ್ಲಿ ಇಡಿಯಾಗಿ ಎರಕ ಹೊಯ್ದ ಫೈಬರ್ ದೋಣಿಗೂ ಹರಿಗೋಲಿಗೂ ಅದು ಸರಿಯಾದ ಆಯ್ಕೆಯೇ. ಅದರಲ್ಲಿಯೂ ಆರ್ಥೊ ಬಗೆಗಿಂತ ಐಸೊಫ್ತಾಲಿಕ್ ಬಗೆ ನೀರನ್ನು ಚೆನ್ನಾಗಿ ತಾಳುತ್ತದೆ. ಆದರೆ ಪಾಲಿಯೆಸ್ಟರ್ ಮರಕ್ಕೆ ದೃಢವಾಗಿ ಅಂಟುವುದಿಲ್ಲ. ಒಣಗುವಾಗ ಕುಗ್ಗುತ್ತದೆ, ಮರವೋ ತೇವಕ್ಕೆ ಹಿಗ್ಗಿ ಬಿಸಿಲಿಗೆ ಕುಗ್ಗುತ್ತಲೇ ಇರುತ್ತದೆ. ಈ ಎಳೆದಾಟದಲ್ಲಿ ಕೆಲವು ವರ್ಷಗಳಲ್ಲಿ ಹೊದಿಕೆ ಹಾಳೆಯಂತೆ ಎದ್ದುಬರುವುದುಂಟು. ಎಪಾಕ್ಸಿ ರಾಳ ಮರದ ನಾರಿನೊಳಕ್ಕೆ ಹಿಡಿದು ಅಂಟುತ್ತದೆ, ಕುಗ್ಗುವುದು ಕಡಿಮೆ, ತೇವವನ್ನು ತಡೆಯುವ ಶಕ್ತಿ ಹೆಚ್ಚು. ಬೆಲೆ ಪಾಲಿಯೆಸ್ಟರಿಗಿಂತ ಬಹಳ ಹೆಚ್ಚಾದರೂ ಪ್ಲೈವುಡ್ ದೋಣಿಗೆ ಎಪಾಕ್ಸಿಯೇ ಯೋಗ್ಯವೆಂಬುದರಲ್ಲಿ ಕಟ್ಟುವವರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಹಣ ಸಾಲದಿದ್ದರೆ ಪಾಲಿಯೆಸ್ಟರಿನಿಂದ ಇಡೀ ದೋಣಿಯನ್ನು ಹೊದಿಸುವುದಕ್ಕಿಂತ, ಸೇರುವ ಮೂಲೆಗಳಿಗೆ ಮಾತ್ರ ಎಪಾಕ್ಸಿ ಮತ್ತು ಗಾಜಿನ ಪಟ್ಟಿ ಹಾಕಿ ಉಳಿದ ಮೈಗೆ ಒಳ್ಳೆಯ ಬಣ್ಣ ಬಳಿಯುವುದು ಮೇಲು. ಬಣ್ಣ ಬಳಿದ ಮರ ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ತಕ್ಷಣ ದುರಸ್ತಿ ಮಾಡಬಹುದು.

ನಾರು ಮೂರು ರೂಪಗಳಲ್ಲಿ ದೊರೆಯುತ್ತದೆ: ತುಂಡು ನಾರನ್ನು ಹರಡಿ ಒತ್ತಿದ ಮ್ಯಾಟ್, ದಪ್ಪ ಎಳೆಗಳನ್ನು ನೇಯ್ದ ರೋವಿಂಗ್ ಮತ್ತು ತೆಳುವಾದ ಗಾಜಿನ ಬಟ್ಟೆ. ಮ್ಯಾಟಿನ ನಾರನ್ನು ಒಟ್ಟಿಗೆ ಹಿಡಿದಿರುವ ಬಂಧಕ ದ್ರವ್ಯವು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿನಲ್ಲಿ ಕರಗುವಂತೆ ಮಾಡಿರುತ್ತಾರೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲದ ಕಾರಣ ಆ ಮ್ಯಾಟು ಮೆತ್ತಗಾಗದೆ ಬಿರುಸಾಗಿಯೇ ಉಳಿಯುತ್ತದೆ. ಎಪಾಕ್ಸಿಗೆ ಬಟ್ಟೆಯನ್ನೇ ಬಳಸಬೇಕು. ಸಣ್ಣ ದೋಣಿಗೆ ಚದರ ಮೀಟರಿಗೆ 200 ಗ್ರಾಂ ತೂಗುವ ಬಟ್ಟೆಯ ಒಂದು ಪದರ, ಮೂಲೆಗಳಲ್ಲಿ 75 ಮಿ.ಮೀ. ಅಗಲದ ಪಟ್ಟಿ ಸಾಕಾಗುತ್ತದೆ. ರಾಳ ಕುಡಿದ ಬಟ್ಟೆ ಪಾರದರ್ಶಕವಾಗಿ ಮರದ ಬಣ್ಣ ಕಾಣಬೇಕು. ಬೆಳ್ಳಗೆ ಉಳಿದ ಜಾಗ ಒಣಗಿದೆಯೆಂದೂ, ಬಟ್ಟೆ ತೇಲುವಂತಿರುವ ಜಾಗದಲ್ಲಿ ರಾಳ ಹೆಚ್ಚಾಗಿದೆಯೆಂದೂ ಅರ್ಥ.

ಎರಡು ವಿಧಾನಗಳ ತೂಕವನ್ನು ಹೋಲಿಸಬಹುದು. 6 ಚದರ ಮೀಟರ್ ಹೊರಮೈಗೆ 200 ಗ್ರಾಂ ಬಟ್ಟೆ ಹೊದಿಸಿದರೆ ಬಟ್ಟೆ 1.2 ಕೆ.ಜಿ., ಅದು ಕುಡಿಯುವ ಎಪಾಕ್ಸಿ ಹೆಚ್ಚುಕಡಿಮೆ ಅಷ್ಟೇ. ನೇಯ್ಗೆ ಮುಚ್ಚುವ ಮೇಲ್ಪದರಗಳೂ ಸೇರಿ ಒಟ್ಟು ಸುಮಾರು 4ರಿಂದ 5 ಕೆ.ಜಿ. ಅದೇ ಮೈಗೆ 450 ಗ್ರಾಂ ಮ್ಯಾಟಿನ ಎರಡು ಪದರಗಳನ್ನು ಪಾಲಿಯೆಸ್ಟರಿನಲ್ಲಿ ಹಾಕಿದರೆ ಮ್ಯಾಟು 5.4 ಕೆ.ಜಿ.; ಮ್ಯಾಟು ತನ್ನ ತೂಕದ ಎರಡು ಪಟ್ಟಿಗೂ ಮಿಕ್ಕಿ ರಾಳ ಕುಡಿಯುವುದರಿಂದ ಒಟ್ಟು 18 ಕೆ.ಜಿ. ಸಮೀಪಿಸುತ್ತದೆ. ಲೀಟರಿನ ಬೆಲೆಯಲ್ಲಿ ಕಾಣುವ ಅಂತರ ಒಟ್ಟು ಖರ್ಚಿನಲ್ಲಿ ಅಷ್ಟಾಗಿ ಉಳಿಯದಿರುವುದು ಇದರಿಂದಲೇ.

ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಎಪಾಕ್ಸಿ ದೋಣಿಯ ದುರಸ್ತಿಯನ್ನು ಎಪಾಕ್ಸಿಯಿಂದಲೇ ಮಾಡಬೇಕು.

ಹವಾಮಾನ ಮತ್ತು ಕೆಲಸದ ಕಾಲ

ಮೈಸೂರಿನಲ್ಲಿ ಮಳೆ ಎರಡು ಬಾರಿ ಏರುತ್ತದೆ: ಮೇ ತಿಂಗಳ ಗುಡುಗು ಮಳೆ ಮತ್ತು ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆ. ಜನವರಿಯಿಂದ ಮಾರ್ಚ್ ವರೆಗಿನ ಒಣ ದಿನಗಳು ದೋಣಿ ಕಟ್ಟಲು ಅನುಕೂಲಕರ. ತೇವ ಹಿಡಿದ ಹಾಳೆಯ ಮೇಲೆ ರಾಳ ಬಳಿದರೆ ತೇವವನ್ನು ಒಳಗೇ ಬೀಗ ಹಾಕಿದಂತಾಗುತ್ತದೆ. ಮಳೆಗಾಲದಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂತಹ ಜಿಡ್ಡು ಕೂರುವುದೂ ಉಂಟು. ಅದನ್ನು ನೀರಿನಿಂದ ತೊಳೆದು, ಬಳಿಕವಷ್ಟೇ ಮರಳುಕಾಗದದಿಂದ ಉಜ್ಜಬೇಕು. ತೊಳೆಯದೆ ಉಜ್ಜಿದರೆ ಜಿಡ್ಡು ಎಲ್ಲೆಡೆ ಹರಡಿ ಮುಂದಿನ ಪದರ ಹಿಡಿಯುವುದಿಲ್ಲ.

ಬೇಸಗೆಯ ಮಧ್ಯಾಹ್ನದ ಬಿಸಿಯಲ್ಲಿ ರಾಳ ಬೇಗ ಗಟ್ಟಿಯಾಗುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಕೈಯಲ್ಲಿ ಉಳಿಯುವ ಸಮಯ ಸುಮಾರು ಅರ್ಧವಾಗುತ್ತದೆ. ಬೆಳಗಿನ ಹೊತ್ತು ಮರ ಬಿಸಿಯಾಗುತ್ತಾ ಹೋದಂತೆ ಅದರೊಳಗಿನ ಗಾಳಿ ಹಿಗ್ಗಿ ರಾಳದಲ್ಲಿ ಗುಳ್ಳೆಗಳೇಳುತ್ತವೆ. ಬಿಸಿಲಿಳಿದ ಮೇಲೆ, ಮರ ತಣ್ಣಗಾಗುವ ಹೊತ್ತಿನಲ್ಲಿ ಬಳಿದರೆ ಅದೇ ಗಾಳಿ ಕುಗ್ಗಿ ರಾಳವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬಿಸಿಲಿನ ನೇರಳಾತೀತ ಕಿರಣ ಎಪಾಕ್ಸಿಯನ್ನು ಹಾಳುಮಾಡುವುದರಿಂದ ಹೊದಿಕೆಯ ಮೇಲೆ ಬಣ್ಣ ಅನಿವಾರ್ಯ. ಬಿಳಿ ಅಥವಾ ತಿಳಿಬಣ್ಣ ದೋಣಿಯನ್ನು ತಂಪಾಗಿಯೂ ಇಡುತ್ತದೆ.

ಸುರಕ್ಷತೆ

ಪಾಲಿಯೆಸ್ಟರ್ ಗಟ್ಟಿಯಾಗಲು ಶೇಕಡಾ 1ರಿಂದ 2ರಷ್ಟು ಪೆರಾಕ್ಸೈಡ್ ವೇಗವರ್ಧಕವನ್ನೂ, ಕೋಬಾಲ್ಟ್ ದ್ರಾವಣವನ್ನೂ ಬೆರೆಸುತ್ತಾರೆ. ಈ ಎರಡನ್ನು ಎಂದಿಗೂ ನೇರವಾಗಿ ಒಂದಕ್ಕೊಂದು ಸೇರಿಸಬಾರದು. ಬೆಂಕಿ ಹತ್ತಿ ಸಿಡಿಯಬಹುದು. ಕೋಬಾಲ್ಟನ್ನು ರಾಳದಲ್ಲಿ ಪೂರ್ತಿ ಕಲಸಿದ ನಂತರವೇ ಪೆರಾಕ್ಸೈಡ್ ಹಾಕಬೇಕು. ಎಪಾಕ್ಸಿಯಲ್ಲಿ ರಾಳ ಮತ್ತು ಹಾರ್ಡನರ್ ಪ್ರಮಾಣ ತಯಾರಕರು ಹೇಳಿದಂತೆಯೇ ಇರಬೇಕು. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಒಣಗುವುದಿಲ್ಲ, ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಎಪಾಕ್ಸಿ ಚರ್ಮಕ್ಕೆ ತಾಗುತ್ತಿದ್ದರೆ ಕ್ರಮೇಣ ಅಲರ್ಜಿ ಹುಟ್ಟಿ ಜೀವನಪೂರ್ತಿ ಉಳಿಯಬಹುದು, ಕೈಗವಸು ಕಡ್ಡಾಯ. ಗಾಜಿನ ಧೂಳಿಗೆ ಮುಖಗವಸೂ ಬೇಕು.

ತೇಲುವಿಕೆಯ ವಿಷಯದಲ್ಲಿ ಎರಡು ಸಾಮಗ್ರಿಗಳ ಸ್ವಭಾವ ಬೇರೆ. ಗಟ್ಟಿಯಾದ ಫೈಬರ್‌ಗ್ಲಾಸ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ನೀರು ತುಂಬಿದ ಬರಿಯ ಫೈಬರ್ ದೋಣಿ ಮುಳುಗುತ್ತದೆ. ಪ್ಲೈವುಡ್ ದೋಣಿ ನೀರು ತುಂಬಿದರೂ ತಾನು ತೇಲಬಹುದು, ಆದರೆ ಎಂಜಿನ್ ಮತ್ತು ಜನರನ್ನು ಹೊರಲಾರದು. ಆದ್ದರಿಂದ ಎರಡರಲ್ಲಿಯೂ ಆಸನಗಳ ಕೆಳಗೆ ಮುಚ್ಚಿದ ಗಾಳಿಕೋಣೆ ಅಥವಾ ನೀರು ಹೀರದ ಫೋಮ್ ಇರಬೇಕು. ಒಂದು ಲೀಟರ್ ಗಾತ್ರ ಸುಮಾರು ಒಂದು ಕೆ.ಜಿ. ಭಾರವನ್ನು ಎತ್ತಿಹಿಡಿಯುತ್ತದೆ. ಥರ್ಮೋಕೋಲ್ ತುಂಡುಗಳನ್ನು ಇಟ್ಟು ಮೇಲೆ ಪಾಲಿಯೆಸ್ಟರ್ ಹಾಕುವವರು ಗಮನಿಸಬೇಕಾದ ಸಂಗತಿಯೊಂದಿದೆ: ಆ ರಾಳದ ಸ್ಟೈರೀನಿನಲ್ಲಿ ಥರ್ಮೋಕೋಲ್ ಕರಗಿಹೋಗುತ್ತದೆ. ಹೊರಗಿನಿಂದ ಭದ್ರವಾಗಿ ಕಾಣುವ ಪೆಟ್ಟಿಗೆಯೊಳಗೆ ಏನೂ ಉಳಿದಿರುವುದಿಲ್ಲ. ಎಪಾಕ್ಸಿಯಿಂದ ಈ ತೊಂದರೆಯಿಲ್ಲ. ಪಾಲಿಯೆಸ್ಟರ್ ಬಳಸುವುದಾದರೆ ಪಾಲಿಯುರೆಥೇನ್ ಫೋಮ್ ಆಗಬೇಕು.

ಒಳನಾಡಿನ ಜಲವಾಹನಗಳಿಗೆ ಈಗ ಒಳನಾಡು ಹಡಗುಗಳ ಕಾಯ್ದೆ, 2021 ಅನ್ವಯಿಸುತ್ತದೆ. ಇದು 1917ರ ಹಳೆಯ ಕಾಯ್ದೆಯ ಸ್ಥಾನದಲ್ಲಿ ಬಂದಿದೆ. ಎಂಜಿನ್ ಅಳವಡಿಸುವವರು ನೋಂದಣಿಯ ನಿಯಮಗಳನ್ನು ಮೊದಲೇ ವಿಚಾರಿಸಬೇಕು. ಜಲಾಶಯಗಳಲ್ಲಿಯೂ ರಂಗನತಿಟ್ಟಿನಂತಹ ಪಕ್ಷಿಧಾಮದ ನೀರಿನಲ್ಲಿಯೂ ಖಾಸಗಿ ದೋಣಿಯನ್ನು ಅನುಮತಿಯಿಲ್ಲದೆ ಇಳಿಸುವಂತಿಲ್ಲ.

ನಿರ್ವಹಣೆ

ಬಳಸದ ದಿನಗಳಲ್ಲಿ ದೋಣಿಯನ್ನು ನೆಲದಿಂದ ಎತ್ತರಿಸಿ, ಬೋರಲು ಹಾಕಿ, ಗಾಳಿಯಾಡುವಂತೆ ನೆರಳಿನಲ್ಲಿಡಬೇಕು. ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿದರೆ ತೇವ ಒಳಗೇ ನಿಲ್ಲುತ್ತದೆ. ತಿರುಪುಗಳಿಗಾಗಿ ಕೊರೆದ ಪ್ರತಿ ತೂತನ್ನೂ ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಕೊರೆಯುವುದು ವಾಡಿಕೆ. ತಿರುಪು ಆಗ ಮರವನ್ನು ಮುಟ್ಟುವುದೇ ಇಲ್ಲ. ವರ್ಷಕ್ಕೊಮ್ಮೆ, ಮೇ ತಿಂಗಳ ಮಳೆಗೆ ಮುನ್ನ, ತಳವನ್ನೂ ಅಂಚುಗಳನ್ನೂ ತಟ್ಟಿ ನೋಡಬೇಕು. ಮಂದವಾದ ದನಿ ಬಂದಲ್ಲಿ ಹೊದಿಕೆಯನ್ನು ಸೀಳಿ, ಮರ ಒಣಗುವವರೆಗೆ ತೆರೆದಿಟ್ಟು, ಲಡ್ಡಾದ ಭಾಗವನ್ನು ಕಿತ್ತು ಹೊಸ ತುಂಡು ಕೂರಿಸುತ್ತಾರೆ.